ಗದ್ದೆಮ್ಮ ಯಾರ ಪೈಕಿ

ಗದ್ದೆಮ್ಮ ಮಸ್ಕಿಗೆ ಬಂದದ್ದು ಹುಸೇನ್‌ಸಾಬರ ಬಂಡಿಯಲ್ಲಿ, ಹತ್ತಿಕಾಳಿನ ಚೀಲಗಳ ಮೇಲೆ ಕೂತು, ಬಾಯಲ್ಲಿ ಬೆರಳುಗಾತ್ರದ ಚುಟ್ಟ ಇಟ್ಟುಕೊಂಡು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಜೋಗಮ್ಮ. ಸಾವಿರದ ಒಂಬೈನೂರ ನಲವತ್ತೆರಡರ ಶ್ರಾವಣ ಅದು. ಹುಸೇನ್‌ಸಾಬರು ನಮ್ಮ ಓಣಿಯವರು, ಸಿಂಧನೂರಿಗೂ ಲಿಂಗಸುಗೂರಿಗೂ ಬಾಡಿಗೆ ಬಂಡಿ ಹೊಡೆಯುವವರು. ಬಂಡಿಯನ್ನು ನಮ್ಮ ಮನೆ ಮುಂದೆ ನಿಲ್ಲಿಸಿ, “ರಂಗೂನಿನಾಕಿ ರೀ ಅಕ್ಕಾರ, ಲಡಾಯಿಗಿ ಅಂಜಿ ಅಲ್ಲಿಂದ ನಡಕೊಂತ ಬಂದಾಳ. ಮಾಸ್ತರಿಗೆ ಕಾಗಜ ಬರಿಯಾಕ ಬರ್ತೈತಲ್ಲ, ಅದಕ್ಕ ಇಲ್ಲಿಗಿ ತಂದೆ” ಎಂದರು. ಪಡಸಾಲೆಯಲ್ಲಿ ನನ್ನ ಆರು ತಿಂಗಳ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ನಾನು ಮಾತು ಮುಗಿಯುವ ಮೊದಲೇ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಹಾಗೆ ಮಾಡಬಾರದಿತ್ತು ಎಂದು ಈಗ ಹೇಳುವುದು ಸುಲಭ. ಮಾಸ್ತರರಾದ ನಮ್ಮ ಮನೆಯವರು ಶಾಲೆಗೆ ತರಿಸುವ ಪತ್ರಿಕೆಯಲ್ಲಿ ನಾನು ಎಲ್ಲ ಓದಿದ್ದೆ. ಬರ್ಮಾದಿಂದ ನಡೆದು ಬಂದವರಲ್ಲಿ ಎಷ್ಟು ಮಂದಿ ವಾಂತಿಭೇದಿಯಿಂದ ಸತ್ತರು, ಉಳಿದವರು ಅದನ್ನು ಯಾವ ಯಾವ ಊರಿಗೆ ತಂದರು ಎಂದು. ಓದಿದಾಗಿನಿಂದ ನಾನು ಕುಡಿಯುವ ನೀರನ್ನು ಎರಡು ಸಲ ಕಾಯಿಸುತ್ತಿದ್ದೆ. ನಮ್ಮ ಅತ್ತೆ ಪಾರ್ವತೆಮ್ಮನವರಿಗೆ ಅದೊಂದು ನಗೆಪಾಟಲು. ಹೈದರಾಬಾದು ಶಹರದಲ್ಲಿ ಹುಟ್ಟಿ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಸೊಸೆಗೆ ನೀರು ಕಂಡರೂ ಹೆದರಿಕೆ, ಗಾಳಿ ಕಂಡರೂ ಹೆದರಿಕೆ ಎಂದು ಓಣಿಯವರ ಮುಂದೆಲ್ಲ ಹೇಳಿದ್ದರು. ಹೆದರಿಕೆ ಇದ್ದದ್ದು ನಿಜವೇ. ಕೂಸು ಒಮ್ಮೆ ಸೀನಿದರೆ ನನಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಬಾಗಿಲ ಸಂದಿಯಿಂದ ನೋಡಿದೆ. ಆ ಮಗು ಬಂಡಿಯಿಂದ ಇಳಿದು ಅತ್ತೆಯ ಮುಖ ನೋಡಿ “ಯೇ, ಯೇ” ಎಂದಿತು.

“ಬಂದು ಒಂದು ಗಳಿಗಿ ಆಗಿಲ್ಲ, ನನಗs ಯೇ ಅಂತೈತಲ್ಲ ಇದು” ಎಂದು ಅತ್ತೆ ಸೆಟೆದರು.

ಗದ್ದೆಮ್ಮ ಚುಟ್ಟ ತೆಗೆದು ನಕ್ಕಳು. “ನಿಮಗಲ್ರೀ ಯವ್ವಾ, ನೀರಿಗಿ ಅಂತೈತಿ. ರಂಗೂನಿನಾಗ ನೀರಿಗಿ ಯೇ ಅಂತಾರ.”

ಅತ್ತೆ ಒಳಗಿನಿಂದ ಚೆಂಬು ತಂದು, ಮಗುವಿನ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುತ್ತ, “ಇಲ್ಲೆ ನೀರಿಗಾದ್ರೂ ರೀ ಹಚ್ಚಿ ಮಾತಾಡಾಕ ಕಲಸು” ಎಂದರು. ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು. ಒಂದು ರೊಟ್ಟಿ, ಮೇಲೆ ಪುಂಡಿಪಲ್ಲೆ ತಂದುಕೊಟ್ಟರು. ನಾನು ಮಾತ್ರ ಬಾಗಿಲು ತೆರೆಯಲಿಲ್ಲ.

ಅಂಗಳದ ಬೇವಿನ ಬುಡದಲ್ಲಿ ಕೂತು ಗದ್ದೆಮ್ಮ ಹೇಳಿದ ಕತೆ ಇಷ್ಟು. ಹುಟ್ಟಿದ್ದು ತುರ್ವಿಹಾಳದಲ್ಲಿ. ಕೊಟ್ಟದ್ದು ಜವಳಗೇರಾಕ್ಕೆ. ಗಂಡ ಅಮರಪ್ಪ ಎಂಟು ವರ್ಷದ ಹಿಂದೆ ತೆಲುಗು ಮೇಸ್ತ್ರಿಯೊಬ್ಬನ ಮಾತು ನಂಬಿ ಅವಳನ್ನು ಕರೆದುಕೊಂಡು ರಂಗೂನಿಗೆ ಹೋದ. ಅಲ್ಲಿ ಅಕ್ಕಿ ಗಿರಣಿಯಲ್ಲಿ ಅವನು ಚೀಲ ಹೊತ್ತ, ಇವಳು ತೌಡು ಕೇರಿದಳು. ಹೋದ ಚಳಿಗಾಲದಲ್ಲಿ ಜಪಾನಿನವರು ಬಾಂಬು ಹಾಕಿದರು. ಗಿರಣಿಯ ಸಾಹೇಬ ಹಡಗು ಹತ್ತಿದ, ಇವರು ಕಾಡಿನ ದಾರಿ ಹಿಡಿದರು. ದಾರಿಯಲ್ಲಿ ಅಮರಪ್ಪ ಸತ್ತ. ಕಲಕತ್ತೆಯಲ್ಲಿ ಯಾರೋ ಒಂದು ಚೀಟಿ ಬರೆದು ರಾಯಚೂರಿನವರೆಗೆ ರೈಲಿಗೆ ಕೂರಿಸಿದರು. ತುರ್ವಿಹಾಳಕ್ಕೆ ಹೋದರೆ ಅಣ್ಣ ಯಂಕೋಬ, ಕೊಟ್ಟ ಹೆಣ್ಣು ಕೊಟ್ಟ ಮನೆಗೆ ಸೇರಿದ್ದು ಎಂದ. ಜವಳಗೇರಾಕ್ಕೆ ಹೋದರೆ ಗಂಡನ ದಾಯಾದಿಗಳು, ಕಟ್ಟಿಕೊಂಡವನೇ ಇಲ್ಲ, ಯಾರ ಮುಖ ನೋಡಿ ಇಟ್ಟುಕೊಳ್ಳೋಣ ಎಂದರು. ಎಂಟು ದಿನ ಆ ಊರಿಗೂ ಈ ಊರಿಗೂ ನಡೆದಿದ್ದಳು. “ಬರ್ಮಾದ ಕಾಡಿನಾಗ ಬಂದದ್ದಕ್ಕಿಂತ ಇದು ಬಾಳ ಬ್ಯಾಸರ ಆತ್ರೀ. ಅಲ್ಲೆ ದಾರಿಗೆ ಒಂದು ಕೊನಿ ಆದ್ರೂ ಇತ್ತು” ಎಂದಳು.

ಸಂಜೆ ನಮ್ಮ ಕಟ್ಟೆಯ ಮೇಲೆ ನ್ಯಾಯ ಸೇರಿತು. ಊರ ಪೊಲೀಸ್ ಪಾಟೀಲರಾದ ಆದೆಪ್ಪಗೌಡರು ಬಂದರು. ಲಡಾಯಿ ಕಾಲವಾದ್ದರಿಂದ ಹೊರಗಿನಿಂದ ಬಂದವರ ಹೆಸರು ಮೇಲಕ್ಕೆ ಕಳಿಸಬೇಕೆಂದು ಅವರಿಗೆ ಹುಕುಂ ಬಂದಿತ್ತಂತೆ. ಬಂದವರು ನಿಜಾಮ ಸೀಮೆಯವರು, ಅಂದರೆ ಮುಲ್ಕಿ ಎಂದು ಗೊತ್ತಾದರೆ ಇಲ್ಲೇ ಇರಬಹುದು. ಇಲ್ಲವಾದರೆ ತುಂಗಭದ್ರೆ ದಾಟಿಸಿ ಇಂಗ್ಲಿಷರ ಸೀಮೆಯ ಕ್ಯಾಂಪಿಗೆ ಬಿಟ್ಟು ಬರಬೇಕು.

ಕ್ಯಾಂಪು ಎಂಬ ಮಾತು ಕೇಳಿ ಅಷ್ಟು ಹೊತ್ತು ನಗುನಗುತ್ತ ಇದ್ದ ಗದ್ದೆಮ್ಮನ ಮುಖ ಕಪ್ಪಿಟ್ಟಿತು. “ಕ್ಯಾಂಪು ಒಂದು ಬ್ಯಾಡ್ರಿ ಗೌಡ್ರ. ಎಲ್ಲಿ ಬೇಕಾದ್ರೂ ಬೀಳ್ತೀನಿ. ಕ್ಯಾಂಪಿನಾಗ ಈ ಕೂಸು ಉಳಿಯಂಗಿಲ್ಲ” ಎಂದು ಮಗಳನ್ನು ತೊಡೆಗೆ ಎಳೆದುಕೊಂಡಳು.

ಎಲ್ಲರೂ ವಾದ ಹೂಡಿದರು. ಗೌಡರದ್ದು ಒಂದೇ ಪ್ರಶ್ನೆ: ಲಡಾಯಿ ಯಾರದು? ಇಂಗ್ಲಿಷರದು. ಹಾಗಾದರೆ ಅದರಿಂದ ಬೀದಿಗೆ ಬಿದ್ದವರನ್ನು ಅವರೇ ಸಾಕಬೇಕು, ಹುಜೂರ್ ನಿಜಾಮರ ರಯತರು ಯಾಕೆ ಸಾಕಬೇಕು. ನಮ್ಮ ಮನೆಯವರು ಮಾಸ್ತರರಲ್ಲವೇ, ಅವರದು ಬೇರೆ ಲೆಕ್ಕಾಚಾರ. ಎಂಟು ವರ್ಷ ಇವಳ ಗಂಡನ ಬೆನ್ನ ಮೇಲೆ ಹೇರಿದವನು ಗಿರಣಿಯ ಸಾಹೇಬ, ಹೊಣೆ ಅವನದು ಎಂದರು. ಆ ಸಾಹೇಬ ಎಲ್ಲಿದ್ದಾನೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಅತ್ತೆ ಒಳಗಿನಿಂದಲೇ, ತಾಳಿ ಕಟ್ಟಿದವನ ಊರು ಯಾವುದೋ ಅದೇ ಊರು ನೋಡಬೇಕು ಎಂದರು. ಹುಸೇನ್‌ಸಾಬರು ಮಾತ್ರ, ಬಂದು ಯಾರ ಬಾಗಿಲಲ್ಲಿ ಕೂತಳೋ ಅವರದೇ ಹೊಣೆ, ಅದರಲ್ಲಿ ಕೇಳುವುದೇನಿದೆ ಎಂದರು.

“ಹಂಗಾರ ಬಂಡ್ಯಾಗ ಕುಂದ್ರಿಸ್ಕೊಂಡು ಬಂದ ನಿಂದs ತಪ್ಪು” ಎಂದರು ಗೌಡರು. “ನೀ ಸುಮ್ಮನಿದ್ದಿದ್ರ ಆಕಿ ಇನ್ನಾ ಸಿಂಧನೂರು ದಾರ್ಯಾಗ ಇರ್ತಿದ್ಲು, ಆ ತಾಲ್ಲೂಕಿನೋರ ತಲಿನೋವು ಆಗಿರ್ತಿತ್ತು. ನಮ್ಮ ಲಿಂಗಸುಗೂರು ತಾಲ್ಲೂಕಿಗೆ ಎಳಕೊಂಡು ಬಂದಾವ ನೀನು.”

ಎಲ್ಲರೂ ನಕ್ಕರು. ಗದ್ದೆಮ್ಮನೂ ನಕ್ಕಳು. ನನಗೆ ಮೈ ಉರಿಯಿತು. ಒಬ್ಬೊಬ್ಬರು ಹೇಳುವುದೂ ಸರಿ ಎನಿಸುತ್ತಿತ್ತು, ಅದೇ ದೊಡ್ಡ ತೊಂದರೆ. ಎಲ್ಲರ ಮಾತೂ ಸರಿ, ಎಲ್ಲರ ಮಾತೂ ಕೂಡಿ ಅವಳನ್ನು ಹೊಳೆಯ ಕಡೆ ಒಂದೊಂದು ಹೆಜ್ಜೆ ತಳ್ಳುತ್ತಿದ್ದವು. ಬಾಗಿಲ ಹಿಂದೆ ನಿಂತ ನಾನಾದರೂ ಏನು ಮಾಡುತ್ತಿದ್ದೆ? ಆ ಮಗು ಕೆಮ್ಮಿದ್ದು ಎಷ್ಟು ಸಲ ಎಂದು ನೋಡುತ್ತಿದ್ದೆ.

ಕೊಡುವುದರಲ್ಲಿ ಮಾತ್ರ ಊರು ಹಿಂದೆ ಬೀಳಲಿಲ್ಲ. ಗೌಡರ ಮನೆಯಿಂದ ದಿನಾ ಒಂದು ಗಡಿಗೆ ಮಜ್ಜಿಗೆ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆ ಕೊಟ್ಟರು, ಹುಸೇನ್‌ಸಾಬರ ಹೆಂಡತಿ ಚಾಂದ್‌ಬೀ ಮಗುವಿಗೆ ಎರಡು ಲಂಗ ಹೊಲಿದಳು. ಶಾಲೆಯ ಹಿಂದಿನ ಮುರುಕು ಕೋಣೆಯಲ್ಲಿ ಮಲಗಲು ಬಿಟ್ಟರು. ಗದ್ದೆಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಮೂರನೆಯ ದಿನಕ್ಕೆ ಗೌಡರ ಮನೆಯ ಸಜ್ಜೆ ಕೇರುತ್ತಿದ್ದಳು, ಮೊರ ಹಿಡಿದರೆ ಒಂದು ಕಲ್ಲೂ ಉಳಿಯುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲೆ ಎಲ್ಲರೆದುರು ಚುಟ್ಟ ಸೇದುತ್ತಿದ್ದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡಿದರೆ, “ನಿಮಗೂ ಒಂದು ಸುತ್ತಿಕೊಡ್ಲೇನು?” ಎಂದು ಕೇಳುತ್ತಿದ್ದಳು.

ಗದ್ದೆಮ್ಮನನ್ನು ಇಲ್ಲೇ ಇರಗೊಡಬೇಕೆಂದು ಮೇಲಿನವರಿಗೆ ಅರ್ಜಿ ಬರೆಯುವ ದಿನ ಮನೆಯವರು ಊರಲ್ಲಿರಲಿಲ್ಲ, ಶಾಲೆಯ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿದ್ದರು. ಮರುದಿನವೇ ಕಾಗದ ಮೇಲಕ್ಕೆ ಹೋಗಬೇಕು ಎಂದು ಗೌಡರು ತಳವಾರನನ್ನು ಕಳಿಸಿದರು. ಅರ್ಜಿ ಉರ್ದುವಿನಲ್ಲೇ ಇರಬೇಕು. ಊರಲ್ಲಿ ಚೆನ್ನಾಗಿ ಉರ್ದು ಬರೆಯಬಲ್ಲವರು ಮನೆಯವರನ್ನು ಬಿಟ್ಟರೆ ನಾನೇ. ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು. ಶಹರದಲ್ಲಿ ಕಲಿತದ್ದು ರೊಟ್ಟಿ ಬಡಿಯುವ ಈ ಊರಲ್ಲಿ ಯಾತಕ್ಕೂ ಬರಲಿಲ್ಲ ಎಂದು ಅತ್ತುಕೊಂಡವಳು ನಾನು.

ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತೆ. ಗದ್ದೆಮ್ಮ ಬೇವಿನ ಬುಡದಲ್ಲಿ. ನಡುವೆ ಇಡೀ ಅಂಗಳ. ಹತ್ತಿರ ಬಾ ಎನ್ನಲಿಲ್ಲ. ಕೂಸು ಒಳಗೆ ತೊಟ್ಟಿಲಲ್ಲಿ ಹಲ್ಲು ಬರುವ ಕಿರಿಕಿರಿಗೆ ಒಂದೇ ಸಮನೆ ಅಳುತ್ತಿತ್ತು. ಬೇಗ ಮುಗಿಸಬೇಕು ಎಂಬುದೊಂದೇ ನನ್ನ ತಲೆಯಲ್ಲಿ. ಹೆಸರು ಬರೆದೆ, ತಂದೆಯ ಹೆಸರು, ಗಂಡನ ಹೆಸರು ಬರೆದೆ. ಆಮೇಲೆ, ಇಲ್ಲಿ ನಿನಗೆ ದಿಕ್ಕು ಯಾರು ಎಂದು ಬರೆಯಲಿ ಎಂದು ಕೂಗಿ ಕೇಳಿದೆ.

“ದಿಕ್ಕು ಎಲ್ಲೈತ್ರೀ ಅವ್ವಾರ. ನಾ ಪರದೇಶಿ ಅದೀನಿ, ಹಂಗs ಬರೀರಿ.”

ಹಾಗೆಯೇ ಬರೆದೆ. ಈ ಹೆಂಗಸು ಪರದೇಸಿ, ದಿಕ್ಕಿಲ್ಲದವಳು, ದಯೆ ತೋರಬೇಕು ಎಂದು. ಊರುಗಳ ಹೆಸರು ಬರೆಯಲು ಕೇಳಬೇಕಿತ್ತು, ಕೇಳಲಿಲ್ಲ. ಗೌಡರಿಗೆ ಗೊತ್ತಿದೆಯಲ್ಲ ಎಂದುಕೊಂಡೆ. ನಿಜಾಮ ಸರಕಾರದ ಲೆಕ್ಕದಂತೆ ಫಸಲಿ ಹದಿಮೂರುನೂರ ಐವತ್ತೊಂದು ಎಂದು ಇಸವಿ ಹಾಕಿ, ಶಾಯಿ ಆರಲು ಊದಿ, ಮಡಿಚಿ ತಳವಾರನ ಕೈಗೆ ಕೊಟ್ಟು ತೊಟ್ಟಿಲಿಗೆ ಓಡಿದೆ.

ಹನ್ನೆರಡು ದಿನಕ್ಕೆ ಆ ಕಾಗದವೇ ತಿರುಗಿ ಬಂತು, ಬೆನ್ನ ಮೇಲೆ ನಾಲ್ಕು ಸಾಲು ಬರೆಸಿಕೊಂಡು. ಗೌಡರು ತಂದು ಮನೆಯವರ ಕೈಗೆ ಕೊಟ್ಟರು. ಮನೆಯವರು ಗಟ್ಟಿಯಾಗಿ ಓದಲು ಹೊರಟವರು ನಡುವೆ ನಿಲ್ಲಿಸಿ ನನ್ನ ಕಡೆ ನೋಡಿದರು. ಅರ್ಜಿದಾರಳು ತಾನು ಪರದೇಸಿ ಎಂದು ತಾನೇ ಒಪ್ಪಿಕೊಂಡಿರುವುದರಿಂದ ಇವಳು ಗೈರ್‌ಮುಲ್ಕಿ, ಹೊರಸೀಮೆಯವಳು, ಹದಿನೈದು ದಿನದೊಳಗೆ ಹೊಳೆ ದಾಟಿಸತಕ್ಕದ್ದು.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಮ್ಮ ಮಾತಿನಲ್ಲಿ ತಾಯಿ ಸತ್ತ ಕರು ಪರದೇಶಿ, ತಬ್ಬಲಿ ಕೂಸು ಪರದೇಶಿ. ನಮ್ಮ ಅತ್ತೆ ಉಣ್ಣದೆ ಮಲಗಿದ ದಿನ ತಮ್ಮನ್ನೇ ಪರದೇಶಿ ಎಂದುಕೊಳ್ಳುತ್ತಾರೆ. ಉರ್ದು ಓದುವವರಿಗೆ ಪರದೇಸಿ ಎಂದರೆ ಪರದೇಶದವನು, ಅಷ್ಟೇ. ಆ ಉರ್ದುವನ್ನು ಏಳು ವರ್ಷ ಶಾಲೆಯಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಮನೆಯ ಮಾತನ್ನು ಕಚೇರಿಯ ಕಾಗದಕ್ಕೆ ಹಾಗೇ ಎತ್ತಿ ಹಾಕಿದ್ದೆ. ಕಾಗದ ಓದಿದವರು ತಪ್ಪೇನೂ ಮಾಡಿರಲಿಲ್ಲ. ಅವರು ನನ್ನ ಮಾತನ್ನೇ ನಂಬಿದ್ದರು.

ತಪ್ಪು ನನ್ನದು ಎಂದು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೌಡರ ಮುಖದಲ್ಲಿ, ಅತ್ತೆಯ ಮುಖದಲ್ಲಿ, ನಮ್ಮ ಮನೆಯವರ ಮುಖದಲ್ಲಿ ಸಹ, ಒಂದು ಬಗೆಯ ಸಮಾಧಾನ ಕಂಡೆ. ಮೇಲಿನವರೇ ಹೇಳಿದ ಮೇಲೆ ನಾವು ಮಾಡುವುದೇನಿದೆ, ಪಾಪ, ಒಳ್ಳೆಯ ಹೆಂಗಸು ಎನ್ನುವ ಸಮಾಧಾನ. ದಾರಿಗೆ ಬುತ್ತಿ ಕಟ್ಟಿಕೊಡುವ ಮಾತು ಆಗಲೇ ಶುರುವಾಗಿತ್ತು. ನಾನು ಗೌಡರನ್ನು ಬಿಡಲಿಲ್ಲ. ಇನ್ನೊಂದು ಅರ್ಜಿ ಬರೆಯಬಹುದೇ ಎಂದು ಹಿಡಿದು ಕೇಳಿದೆ. ಬರೆಯಬಹುದು, ಆದರೆ ಈ ಸಲ ಬರೀ ಮಾತು ನಡೆಯುವುದಿಲ್ಲ, ಇವಳು ನಮ್ಮವಳು ಎಂದು ಇಬ್ಬರು ದಸ್ಕತ್ತು ಹಾಕಬೇಕು, ಏನು ಸಂಬಂಧ ಎಂದು ಬರೆಯಬೇಕು, ಮುಂದೆ ಏನಾದರೂ ಆದರೆ ಅವರೇ ಜವಾಬು ಕೊಡಬೇಕು ಎಂದರು. ಅಣ್ಣನೊಬ್ಬ ತುರ್ವಿಹಾಳದಲ್ಲಿ ಇದ್ದಾನಲ್ಲ ಎಂದೂ ಅವರೇ ಹೇಳಿದರು.

ಬೆಳಿಗ್ಗೆ ಹುಸೇನ್‌ಸಾಬರ ಬಂಡಿ ಕಟ್ಟಿಸಿದೆ. ಮನೆಯವರಿಗೆ ಶಾಲೆ. ಕೂಸಿಗೆ ನನ್ನ ಹಾಲೇ ಬೇಕು, ಬಿಟ್ಟು ಹೋಗುವಂತಿಲ್ಲ. ಅತ್ತೆ ಎಳೆಗೂಸನ್ನು ಬಿಸಿಲಿಗೆ ಒಯ್ಯುತ್ತೀಯಾ ಎಂದು ಕೂಗಾಡಿದರು. ಕಾಯಿಸಿದ ನೀರು ಎರಡು ತಂಬಿಗೆ, ಕೂಸಿನ ತಲೆಗೆ ಎರಡು ಕುಂಚಿಗೆ ಇಟ್ಟುಕೊಂಡೆ. ನಾನು ಮುಂದೆ, ಹುಸೇನ್‌ಸಾಬರ ಬೆನ್ನಿಗೆ ಹತ್ತಿ ಕೂತೆ. ಗದ್ದೆಮ್ಮ, ಜೋಗಮ್ಮ ಹಿಂದಿನ ತುದಿಗೆ. ಬಂಡಿಯಲ್ಲಿ ಎಷ್ಟು ದೂರ ಸರಿಯಬಹುದೋ ಅಷ್ಟು ಸರಿದಿದ್ದೆ.

ಅರ್ಧ ಹಾದಿಯಲ್ಲಿ ಗದ್ದೆಮ್ಮನೇ ಕೇಳಿದಳು, ತಾನು ಅಂದದ್ದರಲ್ಲಿ ಏನು ತಪ್ಪಿತ್ತು ಎಂದು. ತನ್ನ ಬಾಯಿಂದಲೇ ಕೆಟ್ಟಿತು ಎಂದು ಅವಳು ತಿಳಿದಿದ್ದಳು. ನಾನು ಎಲ್ಲ ಬಿಡಿಸಿ ಹೇಳಿದೆ. 

“ಚಿತ್ತಗಾಂಗಿನ ಕ್ಯಾಂಪಿನಾಗ ಒಬ್ಬಾಂವ ನನ್ನ ಹೆಸರು ಗಂಗಮ್ಮ ಅಂತ ಬರದಿದ್ದ” ಎಂದಳು. “ಒಂದೂವರಿ ತಿಂಗಳು ಗಂಗಮ್ಮನ ಗಂಜಿ ಉಂಡೀನಿ. ನಿಜವಾದ ಗಂಗಮ್ಮ ಬಂದ್ಲು, ನನಗ ಇಲ್ಲಂತ ಅಂದ್ರು. ಬರಿಯೋರ ಕೈಯಾಗ ಸಿಕ್ಕೋರ ಹಣೆಬರಾನs ಇಷ್ಟ ಬಿಡ್ರಿ.”

ಅದರಲ್ಲಿ ಕ್ಷಮೆ ಇತ್ತೋ ಚುಚ್ಚು ಇತ್ತೋ ಇವತ್ತಿಗೂ ನನಗೆ ತಿಳಿದಿಲ್ಲ. ಕೂಸು ಎದ್ದು ಅಳತೊಡಗಿತು. ನಾನು ಅದನ್ನು ಅವಳ ಕಡೆಗೆ ಬೆನ್ನು ಮಾಡಿ ಎದೆಗೆ ಹಾಕಿಕೊಂಡೆ.

“ನಾ ಮುಟ್ಟಂಗಿಲ್ಲ, ಹೆದರಬ್ಯಾಡ್ರಿ” ಎಂದಳು ಗದ್ದೆಮ್ಮ. “ನಂದೂ ಒಂದು ಇಷ್ಟs ಇತ್ತು.”

ಆಮೇಲೆ ಉಳಿದದ್ದನ್ನು ಹೇಳಿದಳು, ದಾರಿ ನೋಡುತ್ತ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ರಂಗೂನು ಬಿಟ್ಟಾಗ ಮೂರು ತಿಂಗಳ ಗಂಡುಕೂಸು ಬೆನ್ನಿಗಿತ್ತು. ಬಿಳಿಯರಿಗೆ ಒಂದು ದಾರಿ, ಇವರಿಗೆ ಒಂದು ದಾರಿ ಇತ್ತಂತೆ. ಇವರ ದಾರಿಯಲ್ಲಿ ಹಳ್ಳದ ನೀರಿಗೆ ಹೆಣ ಸರಿಸಿ ಬಗ್ಗಬೇಕು. ಅಮರಪ್ಪ ಅಲ್ಲೇ, ಒಂದು ರಾತ್ರಿ ಒಂದು ಹಗಲಿನಲ್ಲಿ ಹೋದ. ಆದರೆ ಕೂಸು ಕಾಡಿನಲ್ಲಿ ಸಾಯಲಿಲ್ಲ. ಇಡೀ ಬೆಟ್ಟ ದಾಟಿ, ಕ್ಯಾಂಪಿಗೆ ಬಂದು, ಇನ್ನು ಉಳಿದೆವು ಎಂದು ಕೂತ ಮೇಲೆ, ಒಂದೇ ಕೊಳದ ನೀರು ಸಾವಿರ ಮಂದಿ ಕುಡಿಯುವ ಆ ಕ್ಯಾಂಪಿನಲ್ಲಿ ಹೋಯಿತು.  ತಂಬಿಗೆಯ ನೀರನ್ನು ಜೋಗಮ್ಮನಿಗೆ ಕೊಟ್ಟೆ. ಕೊಟ್ಟ ಮೇಲೆ, ತಂಬಿಗೆಯನ್ನು ಮನೆಯಲ್ಲಿ ಹುಣಸೆ ಹಚ್ಚಿ ತಿಕ್ಕಬೇಕು ಎಂದೂ ನೆನೆಸಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ನೆನೆಸಿದೆ.

ತುರ್ವಿಹಾಳದಲ್ಲಿ ಯಂಕೋಬ ನಮಗೆ ಕಂಬಳಿ ಹಾಸಿದ, ಬೆಲ್ಲ ನೀರು ಕೊಟ್ಟ. ನಾನು ರಾಕ್ಷಸನಂಥ ಅಣ್ಣನನ್ನು ಕಾಣುತ್ತೇನೆ ಎಂದುಕೊಂಡು ಹೋಗಿದ್ದೆ. ಇವನು ಬಡಕಲು ಮನುಷ್ಯ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದ. ತಂಗಿಯ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಶೇಂಗಾ ಸುಲಿದು ತಿನ್ನಿಸಿದ. ನಾನು ವಿಷಯ ಹೇಳಿ ಕಾಗದ ಬಿಚ್ಚಿದ ಕೂಡಲೇ ಮಗುವನ್ನು ಇಳಿಸಿ ಎದ್ದು ಒಳಗೆ ಹೋದ. ಹೊರಗೆ ಬಂದಾಗ ಹೆಗಲ ಮೇಲೆ ಅರ್ಧ ಚೀಲ ಜೋಳವಿತ್ತು. ಅದನ್ನು ತಾನೇ ಬಂಡಿಗೆ ಹಾಕಿದ.

“ಜ್ವಾಳ ಒಯ್ಯಿರಿ. ಸುಗ್ಗಿ ಆದಮ್ಯಾಲ ಮತ್ತ ಬರ್ರಿ, ಇನ್ನಷ್ಟು ಕೊಡ್ತೀನಿ. ಹೆಬ್ಬಟ್ಟು ಮಾತ್ರ ಕೇಳಬ್ಯಾಡ್ರಿ ಅವ್ವಾರ” ಎಂದ. “ಇವತ್ತು ಒತ್ತಿದ್ರ ನಾಳೆ ಆ ಕೂಸಿನ ಮದಿವೀನೂ ನಂದು, ಈಕಿ ಮುಪ್ಪೂ ನಂದು. ನನಗs ಮೂರು ಹೆಣ್ಣು ಅದಾವು.”

ನಾನು ಬಹಳ ಮಾತಾಡಿದೆ. ಒಂದು ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಎಂದೆ, ಬರೀ ಕಾಗದ ಎಂದೆ. ಬರೀ ಕಾಗದವಾದರೆ ನೀವೇ ಹಾಕಿರಿ ಎಂದು ಅವನ ಹೆಂಡತಿ ಬಾಗಿಲ ಹಿಂದಿನಿಂದ ಹೇಳಿದಳು. ನಾನು ಕಾಗದ ಮಡಿಚಿಕೊಂಡು ಎದ್ದೆ.

ಗದ್ದೆಮ್ಮ ಬಂಡಿ ಹತ್ತಿ ಕೂತು, “ಜ್ವಾಳ ಹಾಕಿದಿ, ಬಾಳ ಛಲೋ ಆತು ಯಂಕೋಬಣ್ಣ” ಎಂದಳು. “ಕಾಗಜದಾಗ ಜ್ವಾಳದ ದಸ್ಕತ್ತು ನಡೀತೈತೇನು, ಗೌಡ್ರಿಗೆ ಕೇಳ್ತೀನಿ.”

ಅವನು ಬಂಡಿಯ ಹಿಂದೆ ಊರ ಹೊರಗಿನವರೆಗೆ ನಡೆದು ಬಂದ. 

ದಸ್ಕತ್ತಿಗೆ ಗೌಡರ ಚಾವಡಿಗೆ ಹೋಗುವ ಮೊದಲು ಆ ರಾತ್ರಿಯೇ ಮನೆಯವರನ್ನು ಕೇಳಿದೆ. ಅವರು ಸರಕಾರಿ ನೌಕರರು, ದಸ್ಕತ್ತು ಹಾಕಿದರೆ ಮೇಲಿನವರು ಏನನ್ನುತ್ತಾರೋ, ಇನ್ಸ್‌ಪೆಕ್ಟರು ಬಂದಾಗ ಕೇಳಿ ನೋಡುತ್ತೇನೆ ಎಂದರು. ಇನ್ಸ್‌ಪೆಕ್ಟರು ಬರುವುದು ದಸರೆಗೆ. ಕಟ್ಟೆಯ ಮೇಲೆ ಗಿರಣಿ ಸಾಹೇಬನ ಹೊಣೆಯ ಬಗ್ಗೆ ಅಷ್ಟು ಮಾತಾಡಿದವರು ಇವರೇ.

ಮರುದಿನ ಚಾವಡಿಯಲ್ಲಿ ಹುಸೇನ್‌ಸಾಬರು ಮೊದಲು ಹೆಬ್ಬಟ್ಟು ಒತ್ತಿದರು. ಸಂಬಂಧ ಏನು ಬರೆಯಲಿ ಎಂದರೆ ತಂಗಿ ಎಂದರು. ನೀನು ಸಾಬ, ಆಕೆ ಗದ್ದೆಮ್ಮ, ತಂಗಿ ಹೇಗಾದಾಳು ಎಂದು ಗೌಡರು ನಕ್ಕರು.

“ಹೊಳಿ ದಾಟ್ಸಾಕ ನಿಮಗ ಸಂಬಂಧ ಬೇಕಾಗಿಲ್ಲ ಗೌಡ್ರ. ಇಟಗೊಳ್ಳಾಕ ಬೇಕಾತೇನು?” ಎಂದರು ಹುಸೇನ್‌ಸಾಬರು.

ಎರಡನೆಯ ದಸ್ಕತ್ತು ನಾನು ಹಾಕಿದೆ. ಧೈರ್ಯದಿಂದ ಅಲ್ಲ. ಪರದೇಸಿ ಎಂದು ಬರೆದ ಅಕ್ಷರವೂ ಈ ಅಕ್ಷರವೂ ಒಂದೇ ಕೈಯದು ಎಂಬ ಸಂಕಟದಿಂದ. ಸಂಬಂಧ ಎಂಬಲ್ಲಿ ನಮ್ಮ ಮನೆಯವಳು ಎಂದು ಬರೆದೆ. ಹೆಂಗಸಿನ ದಸ್ಕತ್ತು ನಡೆಯುತ್ತದೋ ಇಲ್ಲವೋ ಎಂದು ಗೌಡರು ತಲೆ ಕೆರೆದುಕೊಂಡರೂ ಕಾಗದ ಕಳಿಸಿದರು. ಅತ್ತೆ ನನ್ನೊಡನೆ ಮೂರು ದಿನ ಮಾತು ಬಿಟ್ಟರು. ಗಡುವಿಗೆ ಎರಡು ದಿನ ಉಳಿದಿದ್ದಾಗ ಉತ್ತರ ಬಂತು: ದಸ್ಕತ್ತು ಹಾಕಿದವರ ಜವಾಬ್ದಾರಿಯ ಮೇಲೆ ಇರಬಹುದು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಯಾರಾದರೂ ತಿಳಿದರೆ ಅವರು ನಮ್ಮ ಊರನ್ನು ಕಂಡಿಲ್ಲ. ಮರುದಿನದಿಂದ ಗೌಡರ ಮನೆಯ ಮಜ್ಜಿಗೆ ನಿಂತಿತು. ಶಾಲೆಯ ಕೋಣೆ ಬೇಕಾಗಿದೆ ಎಂದರು. ಮಾಸ್ತರ ಮನೆಯೇ ಇರುವಾಗ ನಮ್ಮದೇನು ಎಂದು ಒಬ್ಬೊಬ್ಬರೂ ಹಿಂದೆ ಸರಿದರು. ಹುಸೇನ್‌ಸಾಬರು ವಾರದಲ್ಲಿ ಐದು ದಿನ ದಾರಿಯ ಮೇಲೆ. ಗದ್ದೆಮ್ಮ ನಮ್ಮ ದನದ ಕೊಟ್ಟಿಗೆಯ ಪಕ್ಕದ ಇಳಿಚಪ್ಪರಕ್ಕೆ ಬಂದಳು. ಜೋಗಮ್ಮನಿಗೆ ಜ್ವರ ಬಂದರೆ ನಮಗೆ ಸುದ್ದಿ. ಗದ್ದೆಮ್ಮ ಗುಡಿಯ ಮುಂದೆ ಚುಟ್ಟ ಸೇದಿದರೆ ನಮಗೆ ದೂರು. ಬಾವಿಯಲ್ಲಿ ಯಾರದೋ ಕೊಡ ಒಡೆದರೆ, ನಿಮ್ಮ ಗದ್ದೆಮ್ಮ ಒಡೆದಳು. ಅತ್ತೆಯ ಬಾಯಲ್ಲಿ ಒಂದೇ ಮಾತು, ದಸ್ಕತ್ತು ಹಾಕಿದವಳು ನೀನು. ಊರಿಗೆ ಊರೇ ಹೊರಬೇಕಾದದ್ದನ್ನು ಒಬ್ಬರು ಹೆಗಲು ಕೊಟ್ಟರೆ ಉಳಿದವರು ಕೈ ಕೊಡವಿಕೊಂಡು ಮನೆಗೆ ಹೋಗಿಬಿಡುತ್ತಾರೆ. ನನಗೆ ಆ ದಿನಗಳಲ್ಲಿ ಯಾರನ್ನು ಕಂಡರೂ ಸಿಟ್ಟು. ಕೂಸನ್ನು ಚಪ್ಪರದ ಕಡೆ ಬಿಡುತ್ತಿರಲಿಲ್ಲ, ಅದಕ್ಕೆ ನನ್ನ ಮೇಲೂ ಸಿಟ್ಟು.

ಗದ್ದೆಮ್ಮನಿಗೂ ಇದು ಸೇರಲಿಲ್ಲ. ನಾಲ್ಕು ಮನೆಯಲ್ಲಿ ಕೇರಿ, ಬೀಸಿ, ತನ್ನ ಗಂಜಿ ತಾನೇ ಕಾಯಿಸಿಕೊಳ್ಳುತ್ತಿದ್ದಳು. ಒಂದು ದಿನ, “ಎಲ್ಲಾರೂ ಮಾಸ್ತರ ಮನಿ ಗದ್ದೆಮ್ಮ ಅಂತಾರ ಅವ್ವಾರ. ರಂಗೂನಿನಾಗ ನಾ ಬರೇ ಗದ್ದೆಮ್ಮ ಇದ್ದೆ” ಎಂದಳು. ನಾನು ಮಾಡಿದ್ದಕ್ಕೆ ಇದೇನಾ ಬಹುಮಾನ ಎಂದು ನನಗೆ ಕೆಡುಕೆನಿಸಿತು.

ದೀಪಾವಳಿ ಕಳೆದು ಎಂಟು ದಿನಕ್ಕೆ, ಮಧ್ಯಾಹ್ನದ ಹೊತ್ತು, ತಳವಾರ ಮೂವರನ್ನು ನಮ್ಮ ಅಂಗಳಕ್ಕೆ ಕರೆತಂದ. ಒಬ್ಬ ಮುದುಕ, ಅವನ ಹೆಂಡತಿ, ಬಸುರಿ ಸೊಸೆ. ಅವರೂ ರಂಗೂನಿನ ಕಡೆಯಿಂದ ಬಂದವರೇ. ಮುದುಕನ ಹಿರಿಯರು ಹಟ್ಟಿ ಕಡೆಯವರಂತೆ, ಅಲ್ಲಿ ಗುರುತಿನವರು ಯಾರೂ ಉಳಿದಿರಲಿಲ್ಲ. ಮಾಸ್ತರ ಮನೆಯವರಿಗೆ ಇದು ರೂಢಿ ಇದೆ, ಅಲ್ಲಿಗೆ ಬಿಟ್ಟು ಬಾ ಎಂದು ಗೌಡರು ಹೇಳಿದರಂತೆ.

ನನಗೆ ಕಣ್ಣಲ್ಲಿ ನೀರೇ ಬಂತು. ಆ ಮೂವರ ಮೇಲಿನ ಮರುಕಕ್ಕಲ್ಲ. ಇಲ್ಲ, ಆಗುವುದಿಲ್ಲ, ನಮ್ಮ ಮನೆ ಧರ್ಮಶಾಲೆಯಲ್ಲ ಎಂದು ತಳವಾರನ ಮೇಲೆ ಹರಿಹಾಯ್ದೆ. ಬಸುರಿ ಹೆಂಗಸು ನಿಂತಲ್ಲೇ ನಿಂತಿದ್ದಳು, ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು.

ಗದ್ದೆಮ್ಮ ಮೊರ ಕೆಳಗಿಟ್ಟು ಎದ್ದಳು.  ಆ ಮುದುಕಿಯ ಗಂಟನ್ನು ತಾನು ತೆಗೆದುಕೊಂಡು, ಬನ್ನಿ ಎಂದು ಮೂವರನ್ನೂ ಬಂದ ದಾರಿಯಲ್ಲೇ ಹೊರಡಿಸಿದಳು. ನಾನು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹಿಂದೆಯೇ ಹೋದೆ. ಯಾಕೆ ಹೋದೆನೋ. ಈ ಊರಿನ ಸೊಸೆಯಾದ ಮೇಲೆ ಹಗಲು ಹೊತ್ತು ಚಾವಡಿಗೆ ನಾನು ಹೋದದ್ದು ದಸ್ಕತ್ತು ಹಾಕಿದ ದಿನ ಒಂದೇ.

ಚಾವಡಿಯಲ್ಲಿ ಗೌಡರು ಕಂಬಳಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಗದ್ದೆಮ್ಮ ಬಸುರಿಯನ್ನು ಆ ಕಂಬಳಿಯ ಅಂಚಿಗೇ ಕೂರಿಸಿ, ಗಂಟನ್ನು ಗೌಡರ ಎದುರಿಗಿಟ್ಟಳು. ಗೌಡರು ನಮ್ಮನ್ನೆಲ್ಲ ನೋಡಿ ಗಂಟಲು ಸರಿಮಾಡಿಕೊಂಡು, ಈ ಲಡಾಯಿ ಯಾರದು ಎಂದು ಶುರುಮಾಡಿದರು.

“ಆ ಮಾತು ನಾ ಹಿಂದs ಕೇಳೀನ್ರೀ ಗೌಡ್ರ” ಎಂದಳು ಗದ್ದೆಮ್ಮ. “ಈ ಸಲ ಮೊದಲ್ನೇ ದಸ್ಕತ್ತು ನಿಮ್ಮದು. ಎರಡ್ನೇದಕ್ಕ ನನ್ನ ಹೆಬ್ಬಟ್ಟು ಒತ್ತುತೀನಿ. ನಾನೂ ಈಗ ಮುಲ್ಕಿ.”

ಗೌಡರು ನನ್ನ ಕಡೆ ತಿರುಗಿದರು. “ನೀವರ ಹೇಳ್ರಿ ತಂಗೀ, ಇದು ಹಿಂಗ ಆಗೂ ಮಾತೇನು?”

ಆ ಮೂವರು ಎಲ್ಲಿ ಮಲಗುತ್ತಾರೆ, ಹೆರಿಗೆ ಎಲ್ಲಿ, ಇದು ಮತ್ತೆ ನಮ್ಮ ಚಪ್ಪರಕ್ಕೇ ಬಂದು ನಿಲ್ಲುತ್ತದೆಯೇ ಎಂದೆಲ್ಲ ನನ್ನ ತಲೆ ಸುತ್ತುತ್ತಿತ್ತು. ಆದರೂ, ಕಾಗದ ತರಿಸಿ ಗೌಡರೇ, ಬರೆದುಕೊಡುತ್ತೇನೆ ಎಂದೆ. ಅವರು ತಳವಾರನಿಗೆ, ಮಾಸ್ತರ ಮನೆಯಿಂದ ಕಾಗದ ತಾ ಎಂದರು. ನಮ್ಮ ಮನೆಯಲ್ಲಿ ಕಾಗದ ಮುಗಿದಿದೆ, ನಿಮ್ಮ ಮನೆಯಿಂದ ತರಿಸಿ ಎಂದೆ. ಮುಗಿದಿರಲಿಲ್ಲ.

ಮುದುಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಚಾವಡಿಯ ಮುಂದೆ ನಾಲ್ಕಾರು ಜನ ಸೇರಿ, ಇವರು ಯಾರ ಪೈಕಿ ಎಂದು ಕೇಳತೊಡಗಿದರು. ಗೌಡರು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಗದ್ದೆಮ್ಮ ಕಂಬಕ್ಕೆ ಒರಗಿ ಕೂತಳು, ನಾನು ಅವಳ ಪಕ್ಕ. ಬಿಸಿಲು ಮೆಟ್ಟಿಲು ದಾಟಿ ಒಳಗೆ ಬಂದರೂ ಗೌಡರು ಕಾಗದಕ್ಕೆ ಆಳು ಕಳಿಸಿರಲಿಲ್ಲ, ನಾವೂ ಎದ್ದಿರಲಿಲ್ಲ.